ಕೆಂಗೇರಿಯೊಳಗೆ ಅಡಗಿದ ಸೊನ್ನೆ: ಹಳೆಯ ದತ್ತಾಂಶದ ಶುದ್ಧೀಕರಣ

‘ಕೆಂಗೇರಿ’ ಮತ್ತು ‘ಕೆ೦ಗೇರಿ’. ಈ ಎರಡು ಪದಗಳ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಸುಲಭವಾಗಿ ಗೋಚರಿಸದು. ಗಣಕಯಂತ್ರಕ್ಕೆ ಮಾತ್ರ ಇವು ಎರಡು ಬೇರೆ ಊರುಗಳು. ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿ ಅದರ ಜಾಗಕ್ಕೆ ಕನ್ನಡ ಅಂಕಿಯ ಸೊನ್ನೆ ಬಂದು ಕುಳಿತಿದೆ. ಒಂದರಿಂದ ಹುಡುಕಿದವರಿಗೆ ಇನ್ನೊಂದರಡಿ ದಾಖಲಾದ ನಿವೇಶನ ದೊರೆಯುವುದಿಲ್ಲ.

ಬಳುವಳಿಯಾಗಿ ಬಂದ ದತ್ತಾಂಶಕ್ಕೆ ಬೆಂಗಳೂರಿನ ಪಶ್ಚಿಮ ಭಾಗ ಉತ್ತಮ ನಿದರ್ಶನ. ಕೆಂಗೇರಿ 2007ರವರೆಗೆ ಪ್ರತ್ಯೇಕ ಪುರಸಭೆಯಾಗಿತ್ತು. ಆ ವರ್ಷ ಅದರೊಂದಿಗೆ 7 ನಗರಸಭೆಗಳು ಹಾಗೂ 110 ಗ್ರಾಮಗಳು ಹಳೆಯ ಮಹಾನಗರ ಪಾಲಿಕೆಯೊಡನೆ ಸೇರಿ ಬಿಬಿಎಂಪಿ ರಚನೆಯಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನಕ್ಕೆ ಐದು ನಗರ ಪಾಲಿಕೆಗಳು ಬಂದವು. ಆಡಳಿತ ಬದಲಾದಾಗಲೆಲ್ಲ ದಾಖಲೆಗಳೂ ಕೈ ಬದಲಾಯಿಸುತ್ತವೆ. ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ 2024ರ ಅಕ್ಟೋಬರ್‌ನಿಂದ ಈಚೆಗೆ ಕಡತದ ಒಂದಕ್ಷರದ ದೋಷವೂ ಮನೆ ಮಾರುವವರ ದಾರಿಗೆ ಅಡ್ಡ ಬರಬಲ್ಲದು.

ಕನ್ನಡ ದತ್ತಾಂಶದ ತೊಡಕು ಫಾಂಟಿನಿಂದಲೇ ಆರಂಭ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದ್ದರೂ ಕಚೇರಿಗಳಲ್ಲಿ ಬಹುಕಾಲ ನಡೆದದ್ದು ಫಾಂಟ್ ಆಧಾರಿತ ಬರವಣಿಗೆ. ಅಲ್ಲಿ ಉಳಿಯುವುದು ಅಕ್ಷರವಲ್ಲ, ಅಕ್ಷರದ ಚೂರುಗಳ ಚಿತ್ರಸಂಕೇತ. ಫಾಂಟ್ ತೆಗೆದರೆ ಪರದೆಯ ಮೇಲೆ ವಿಚಿತ್ರ ರೋಮನ್ ಲಿಪಿ! ನುಡಿಯ ಸಂಕೇತಕ್ರಮ ಬೇರೆ, ಶ್ರೀಲಿಪಿಯದು ಬೇರೆ. ಆದ್ದರಿಂದ ಪರಿವರ್ತನೆಗೆ ಮುನ್ನ ಯಾವ ಕಾಲಂ ಯಾವ ಫಾಂಟಿನದೆಂದು ಗೊತ್ತಿರಬೇಕು. ಷರಾ ಕಾಲಂನಲ್ಲಿ ಇಂಗ್ಲಿಷ್ ಪದಗಳೂ ಬೆರೆತಿದ್ದರೆ ಪರಿವರ್ತಕವು ಅವನ್ನೂ ಅರ್ಥವಿಲ್ಲದ ಕನ್ನಡವಾಗಿಸಿಬಿಡುತ್ತದೆ.

ಯೂನಿಕೋಡ್‌ಗೆ ಬಂದ ಮೇಲೂ ಕೆಲಸ ಮುಗಿಯದು. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಇವನ್ನು ಏಕರೂಪಕ್ಕೆ ತರುವ ಸಿದ್ಧ ವಿಧಾನವಿದೆ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದಿರುತ್ತದೆ. ಅದನ್ನು ಅಳಿಸಿದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಹುಡುಕಾಟದಲ್ಲಿ ಅದನ್ನು ಲೆಕ್ಕಿಸದೆ, ಮುದ್ರಣದಲ್ಲಿ ಉಳಿಸಿಕೊಳ್ಳುವುದು ಸರಿ.

ವಿಳಾಸದ ಕಾಲಂ ಇನ್ನೂ ಕಠಿಣ. ‘12ನೇ ಅಡ್ಡರಸ್ತೆ’, ‘೧೨ನೇ ಕ್ರಾಸ್’ ಎಂಬ ರೂಪಗಳನ್ನು ಒಂದಾಗಿಸಬಹುದು. ಆದರೆ ರಾಜಾಜಿನಗರದಲ್ಲಿ ‘1ನೇ ಬ್ಲಾಕ್’ ಬೇರೆ, ‘1ನೇ ಎನ್ ಬ್ಲಾಕ್’ ಬೇರೆ. ಆ ಒಂಟಿ ಅಕ್ಷರವನ್ನು ಬೆರಳಚ್ಚಿನ ದೋಷವೆಂದು ಅಳಿಸುವ ನಿಯಮ ಬರೆದರೆ ಒಬ್ಬರ ಮನೆ ಇನ್ನೊಂದು ಬ್ಲಾಕಿಗೆ ಹೋಗುತ್ತದೆ. ಸ್ಥಳೀಯ ಜ್ಞಾನವಿಲ್ಲದ ಪ್ರೋಗ್ರಾಮರ್ ಎಷ್ಟೇ ಜಾಣನಾದರೂ ಇಲ್ಲಿ ಅಪಾಯಕಾರಿ.

ಇದರಿಂದಾಗಿಯೇ ಮೂಲ ಕಾಲಂ ಅನ್ನು ಎಂದಿಗೂ ತಿದ್ದಬಾರದು. ಪಕ್ಕದಲ್ಲಿ ಹೊಸ ಕಾಲಂ ತೆರೆದು ಶುದ್ಧರೂಪವನ್ನು ಅಲ್ಲಿ ಬರೆಯಬೇಕು. ಯಾವ ನಿಯಮದಿಂದ, ಎಂದು, ಯಾರು ಬದಲಿಸಿದರೆಂಬುದು ದಾಖಲಾಗಬೇಕು. ‘05/06/1998’ ಜೂನ್ ಐದೋ ಮೇ ಆರೋ ಎಂಬುದು ಖಚಿತವಾಗದಿದ್ದರೆ ಹೊಸ ಕಾಲಂ ಖಾಲಿ ಇರುವುದೇ ಲೇಸು.

ಹಳೆಯ ಪ್ರೋಗ್ರಾಂ ಅನ್ನೂ ಮೊದಲೇ ಓದಿಕೊಳ್ಳಬೇಕು. ವರದಿ ತಯಾರಿಸುವ ಸಾಲಿನಲ್ಲಿ ಹಿಂದಿನವರು ಸೊನ್ನೆಯಿರುವ ‘ಕೆ೦ಗೇರಿ’ಯನ್ನೇ ಬರೆದಿಟ್ಟಿದ್ದರೆ, ದತ್ತಾಂಶ ಸರಿಯಾದ ದಿನವೇ ಆ ವರದಿ ಬರಿದಾಗುತ್ತದೆ. ತಪ್ಪು ತಪ್ಪನ್ನೇ ನಂಬಿ ವರ್ಷಗಟ್ಟಲೆ ನಡೆದಿರುತ್ತದೆ.

ಇನ್ನು ಮಾಲೀಕರ ಹೆಸರು. ‘ಲಕ್ಷ್ಮಮ್ಮ’ ಮತ್ತು ‘ಲಕ್ಷ್ಮೀದೇವಮ್ಮ’ ಒಬ್ಬರೇ ಇರಬಹುದು, ಅತ್ತೆ-ಸೊಸೆಯರೂ ಇರಬಹುದು. ಅಂಥ ಸಾಲುಗಳನ್ನು ತಂತ್ರಾಂಶವು ಗುರುತು ಹಾಕಿ ಬದಿಗಿಡಬೇಕಷ್ಟೆ. ತೀರ್ಮಾನ ಕ್ರಯಪತ್ರವನ್ನು ಎದುರಿಗಿಟ್ಟುಕೊಂಡ ಅಧಿಕಾರಿಯದು.