ನ್ಯಾಸ್ ಪೆಟ್ಟಿಗೆಯಲ್ಲಿ ಕರ್ನಲ್ ಮಾಡ್ಯೂಲ್: ಉತ್ತರ ಬೆಂಗಳೂರಿನ ಸಂದರ್ಭದಲ್ಲಿ ಒಂದು ವಿವೇಚನೆ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಆಡಿಟರ್ ಕಚೇರಿಗಳಲ್ಲಿ ಎರಡೋ ನಾಲ್ಕೋ ಡಿಸ್ಕಿನ ನ್ಯಾಸ್ ಪೆಟ್ಟಿಗೆ, ಅಂದರೆ ಜಾಲಕ್ಕೆ ಜೋಡಿಸಿದ ಕಡತ ಸಂಗ್ರಹ, ಈಗ ಅಪರೂಪವಲ್ಲ. ಪಕ್ಕದಲ್ಲೊಂದು ಯುಪಿಎಸ್ ಇರುತ್ತದೆ. ಕರೆಂಟ್ ಹೋದರೆ ಬ್ಯಾಟರಿ ಮುಗಿಯುವ ಮೊದಲೇ ನ್ಯಾಸ್ ತಾನಾಗಿ ಬಂದ್ ಆಗಬೇಕು. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದುಹೋದರೆ ರೇಡ್ 5 ವ್ಯವಸ್ಥೆಯಲ್ಲಿ ದತ್ತಾಂಶವೂ ಪ್ಯಾರಿಟಿಯೂ ಒಂದಕ್ಕೊಂದು ತಾಳೆಯಾಗದೆ ಉಳಿಯಬಹುದು. ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದ್ದರೆ ತೊಡಕು ಕಡಿಮೆ. ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಮಾತ್ರ ಇದ್ದರೆ ಎಸ್.ಪಿ. ರೋಡಿನಿಂದ ಕನ್ವರ್ಟರ್ ತಂದು ಜೋಡಿಸಬೇಕಾಗುತ್ತದೆ. ಅಂಥ ಕನ್ವರ್ಟರ್‌ಗಳಲ್ಲಿ ಹೆಚ್ಚಾಗಿ ಕಾಣುವ ಚಿಪ್‌ಗಳು ಸಿಎಚ್340 ಮತ್ತು ಪಿಎಲ್2303. ಲಿನಕ್ಸಿನಲ್ಲಿ ಎರಡಕ್ಕೂ ಡ್ರೈವರ್ ಬಹುಕಾಲದಿಂದ ಇದೆ. ಆದರೆ ನ್ಯಾಸ್ ತಯಾರಕರು ಅದನ್ನು ತಮ್ಮ ಕರ್ನಲ್ ಜೊತೆ ಕೊಡದಿದ್ದರೆ ಪೋರ್ಟ್ ಕಾಣಿಸುವುದೇ ಇಲ್ಲ. ಆಗ ಆ ಡ್ರೈವರಿನ ಕರ್ನಲ್ ಮಾಡ್ಯೂಲನ್ನು ನಾವೇ ಕಂಪೈಲ್ ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಳ್ಳಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಬಳಕೆದಾರರ ಜಾಣ್ಮೆಗಿಂತ ಹೆಚ್ಚಾಗಿ ತಯಾರಕರು ಏನೇನು ಪ್ರಕಟಿಸಿದ್ದಾರೆ ಎಂಬುದು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಮಾಡ್ಯೂಲ್ ಓಡುತ್ತಿರುವ ಕರ್ನಲ್ಲಿನೊಳಕ್ಕೆ ಸೇರಿಕೊಳ್ಳುತ್ತದೆ. ಸೇರಿದ ಮೇಲೆ ಕರ್ನಲ್ಲಿಗಿರುವ ಎಲ್ಲ ಅಧಿಕಾರವೂ ಅದಕ್ಕಿರುತ್ತದೆ. ಸಾಮಾನ್ಯ ಪ್ರೋಗ್ರಾಮುಗಳ ಮಟ್ಟಿಗೆ ಲಿನಕ್ಸ್ ತನ್ನ ಹೊರಮೈಯನ್ನು ಬಹಳ ಎಚ್ಚರದಿಂದ ಕಾಪಾಡಿಕೊಂಡು ಬಂದಿದೆ. ಒಳಮೈಗೆ ಅಂಥ ಭರವಸೆ ಇಲ್ಲ. ಇರಬಾರದು ಎಂದೇ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ವಾದಿಸಿದ್ದಾರೆ, ಆ ಬರಹ ಕರ್ನಲ್ ದಾಖಲೆಗಳಲ್ಲೇ ಸೇರಿದೆ. ಒಂದು ಸ್ಟ್ರಕ್ಚರಿನೊಳಗೆ ಯಾವ ಅಂಶ ಎಷ್ಟನೆಯ ಬೈಟಿನಲ್ಲಿದೆ ಎಂಬುದು ಆವೃತ್ತಿ ಬದಲಾದಾಗ ಸರಿಯುತ್ತದೆ. ಒಂದೇ ಆವೃತ್ತಿಯಲ್ಲಿ ಒಂದು ಡೀಬಗ್ ಆಯ್ಕೆ ಹಾಕಿದರೂ ಸರಿಯಬಹುದು.

ತಪ್ಪು ಮಾಡ್ಯೂಲ್ ಒಳಬರದಂತೆ ಎರಡು ಕಾವಲುಗಳಿವೆ. ವರ್‌ಮ್ಯಾಜಿಕ್ ಎಂಬ ಅಕ್ಷರಸಾಲಿನಲ್ಲಿ ಕರ್ನಲ್ ಆವೃತ್ತಿ ಮತ್ತು ಮುಖ್ಯವಾದ ಕೆಲವು ಆಯ್ಕೆಗಳು ಮಾತ್ರ ಇರುತ್ತವೆ. ಮಾಡ್‌ವರ್ಷನ್ಸ್ ಇದಕ್ಕಿಂತ ಬಿಗಿ: ಮಾಡ್ಯೂಲ್ ಬಳಸುವ ಪ್ರತಿ ಸಿಂಬಲ್ಲಿನ ರಚನೆಯಿಂದ ಒಂದು ಸಿಆರ್‌ಸಿ ಮೊತ್ತ ತೆಗೆದು ಹೋಲಿಸುತ್ತದೆ. ಎರಡನೆಯದನ್ನು ತಯಾರಕರು ಆಯ್ದುಕೊಳ್ಳದಿದ್ದರೆ ವರ್‌ಮ್ಯಾಜಿಕ್ ಹೊಂದಿದ ಮಾತ್ರಕ್ಕೆ ಮಾಡ್ಯೂಲ್ ಒಳಗೆ ಹೋಗುತ್ತದೆ, ಸ್ಟ್ರಕ್ಚರುಗಳು ಬೇರೆಯಾಗಿದ್ದರೂ. ಇನ್ಸ್‌ಮಾಡ್ ಆದೇಶದಿಂದ ಮಾಡ್ಯೂಲ್ ಹಾಕಲು ಹೋದಾಗ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂದು ಬರುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಸುದ್ದಿ. ಕಾವಲು ಕೆಲಸ ಮಾಡಿದೆ ಎಂದರ್ಥ. ಅದನ್ನು ಮೀರಿ ಬಲವಂತವಾಗಿ ತುರುಕುವ ಆಯ್ಕೆಯೂ ಉಂಟು. ಡಿಸ್ಕುಗಳಿಗೆ ಬರೆಯುವ ಕರ್ನಲ್ಲಿನಲ್ಲೇ ಮೆಮೊರಿ ಕೆಡುವ ಅಪಾಯವಿರುವುದರಿಂದ ನ್ಯಾಸ್‌ನಲ್ಲಿ ಅದನ್ನು ಎಂದಿಗೂ ಬಳಸಬಾರದು.

ಸಿನಾಲಜಿಯ ಪೆಟ್ಟಿಗೆಗಳನ್ನೇ ನೋಡೋಣ. ಕಂಪನಿಯ ಕಾರ್ಯಾಚರಣಾ ವ್ಯವಸ್ಥೆಯಾದ ಡಿಎಸ್‌ಎಂನ 7.2 ಆವೃತ್ತಿ ಓಡಿಸುವ ಹಲವು ಮಾದರಿಗಳಲ್ಲಿ ಇರುವುದು 4.4.302 ಕರ್ನಲ್. 4.4 ಸರಣಿ ಹೊರಬಂದದ್ದು 2016ರ ಜನವರಿಯಲ್ಲಿ. 2022ರ ಫೆಬ್ರುವರಿಯಲ್ಲಿ 302ನೆಯ ತಿದ್ದುಪಡಿಯೊಂದಿಗೆ ಮೂಲ ನಿರ್ವಾಹಕರು ಅದನ್ನು ಮುಗಿಸಿದರು. ಅದೇ ಸಂಖ್ಯೆಯ ಕರ್ನಲ್ಲನ್ನು ಲಿನಕ್ಸಿನ ಮೂಲ ಭಂಡಾರದಿಂದ ಇಳಿಸಿ ಕಂಪೈಲ್ ಮಾಡಿದರೆ ಸಾಲದು, ತಯಾರಕರ ಪ್ಯಾಚುಗಳು ಅದರಲ್ಲಿ ಇರುವುದಿಲ್ಲ. ಪೆಟ್ಟಿಗೆಯ ಪ್ರೊಸೆಸರ್ ವರ್ಗಕ್ಕೆ, ಅಂದರೆ ಅಪೊಲೊಲೇಕ್, ಜೆಮಿನಿಲೇಕ್ ಮುಂತಾದವುಗಳಲ್ಲಿ ಯಾವುದೋ ಅದಕ್ಕೆ, ಕಂಪನಿ ಪ್ರಕಟಿಸಿದ ಸೋರ್ಸ್, ಕಾನ್ಫಿಗ್ ಮತ್ತು ಟೂಲ್‌ಚೈನ್ ಮೂರೂ ಬೇಕು. ಬೇರೊಂದು ಲಿನಕ್ಸ್ ಪಿಸಿಯಲ್ಲಿ ಕ್ರಾಸ್ ಕಂಪೈಲ್ ಮಾಡಬೇಕು. ಇಲ್ಲೊಂದು ಸೂಕ್ಷ್ಮವಿದೆ: ಮಾಡ್ಯೂಲ್ಸ್-ಪ್ರಿಪೇರ್ ಎಂಬ ಚಿಕ್ಕ ಹಂತ ಸಿಂಬಲ್ ಮೊತ್ತಗಳ ಕಡತವನ್ನು ತಯಾರಿಸುವುದಿಲ್ಲ. ಮಾಡ್‌ವರ್ಷನ್ಸ್ ಇರುವ ಕರ್ನಲ್ಲಿಗೆ ಆ ಕಡತ ಬೇಕೆಂದರೆ ಇಡೀ ಕರ್ನಲ್ಲನ್ನೇ ಒಮ್ಮೆ ಕಟ್ಟಬೇಕು. ಕಟ್ಟಿ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಮೊದಲು ಯುಎಸ್‌ಬಿ-ಸೀರಿಯಲ್ ಮಾಡ್ಯೂಲ್, ಅದರ ಮೇಲೆ ಚಿಪ್ಪಿನ ಮಾಡ್ಯೂಲ್, ಇದೇ ಕ್ರಮದಲ್ಲಿ ಹಾಕಬೇಕು.

ಕಾನ್ಫಿಗ್ ಇಲ್ಲದ ಸೋರ್ಸ್ ಓದುವುದಕ್ಕಾದೀತು, ಈ ಕೆಲಸಕ್ಕೆ ಬಾರದು. ಜಿಪಿಎಲ್ ಎರಡನೆಯ ಆವೃತ್ತಿಯ ಮೂರನೆಯ ವಿಧಿ, ಕಂಪೈಲ್ ಮಾಡಿ ಸ್ಥಾಪಿಸಲು ಬಳಸಿದ ಸ್ಕ್ರಿಪ್ಟುಗಳನ್ನೂ ಸೋರ್ಸಿನ ಭಾಗವೆಂದೇ ಎಣಿಸುತ್ತದೆ. ಕಾನ್ಫಿಗ್ ಕಡತವೂ ಅದರೊಳಗೇ ಬರುತ್ತದೆ ಎಂದು ನಾನು ಓದುತ್ತೇನೆ. ಹೀಗೆ ಮೂಲವನ್ನು ತೆರೆದಿಡುವ ಉದಾರತೆ ಬೆಂಗಳೂರಿಗೆ ಹೊಸತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಸಿಂಪ್ಯೂಟರ್ ಟ್ರಸ್ಟ್ ಅದರ ಯಂತ್ರಾಂಶದ ವಿನ್ಯಾಸವನ್ನೇ ಒಂದು ಸಾರ್ವಜನಿಕ ಪರವಾನಗಿಯಡಿ ಹಂಚಿತು. 2004ರಲ್ಲಿ ಬಂದ ಅಮಿಡಾ ಮಾದರಿಯನ್ನು ತಯಾರಿಸಿದ್ದು ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ ಕಾರ್ಖಾನೆಯಿರುವ ಬಿಇಎಲ್.

ಡಿಎಸ್‌ಎಂ ಅಪ್‌ಡೇಟ್ ಕರ್ನಲ್ಲನ್ನು ಬದಲಿಸಿದರೆ ಹಳೆಯ ಮಾಡ್ಯೂಲ್ ಹೊಂದದೆ ಯುಪಿಎಸ್ ಸಂಪರ್ಕ ಸದ್ದಿಲ್ಲದೆ ತಪ್ಪಬಹುದು. ಆದ್ದರಿಂದ ಅಪ್‌ಡೇಟ್ ಹಾಕುವ ಮುನ್ನ ಹೊಸ ಕರ್ನಲ್ಲಿಗೆ ಸೋರ್ಸ್ ಪ್ರಕಟವಾಗಿದೆಯೇ ಎಂದು ನೋಡಬೇಕು. ಹಾಕಿದ ಮೇಲೆ ಯುಪಿಎಸ್‌ನ ಮೇನ್ಸ್ ಪ್ಲಗ್ ಕಿತ್ತು, ಡಿಸ್ಕುಗಳು ಕ್ರಮವಾಗಿ ನಿಲ್ಲುತ್ತವೆಯೇ ಎಂದು ಎದುರಿಗೇ ನಿಂತು ಪರೀಕ್ಷಿಸಬೇಕು.