ಸಣ್ಣ ಉದ್ದಿಮೆಗೆ ಸರಕಾರಿ ಸಹಾಯಧನ: ಅರ್ಜಿ ಹಾಕುವ ಮುನ್ನ ಗಡಿಯಾಚೆಯ ನಮ್ಮವರು ತಿಳಿದಿರಬೇಕಾದದ್ದು

"ಸರಕಾರದಿಂದ ಅಂಗಡಿಗೆ ದುಡ್ಡು ಸಿಗುತ್ತದಂತೆ, ಅರ್ಜಿ ಎಲ್ಲಿ ಕೊಡುತ್ತಾರೆ?" ಎಂದು ಕೇಳಿಕೊಂಡು ಸಂಘದ ಕಚೇರಿಗೆ ಬರುವವರು ವರ್ಷವಿಡೀ ಇರುತ್ತಾರೆ. ಅವರಿಗೆ ಮೊದಲು ಹೇಳುವ ಮಾತನ್ನೇ ಇಲ್ಲೂ ಮೊದಲು ಹೇಳುತ್ತೇವೆ. ಇಲ್ಲಿ ಹೇಳುವ ಯೋಜನೆಗಳಲ್ಲಿ ಹಣ ನೇರವಾಗಿ ಕೈಗೆ ಬರುವುದಿಲ್ಲ. ಬ್ಯಾಂಕು ಸಾಲ ಕೊಡಬೇಕು; ಆ ಸಾಲದ ಒಂದು ಪಾಲನ್ನು ಸರಕಾರ ಭರಿಸುತ್ತದೆ. ಬ್ಯಾಂಕು ಒಪ್ಪದಿದ್ದರೆ ಸಹಾಯಧನದ ಮಾತೇ ಇಲ್ಲ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡುತ್ತೇವೆ. ಕರ್ನಾಟಕ ಸರಕಾರದ ಸ್ವಯಂ ಉದ್ಯೋಗ ಯೋಜನೆಗಳು ಅಲ್ಲಿನ ನಿವಾಸಿಗಳಿಗೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಅನುದಾನ ಕನ್ನಡ ಶಾಲೆ, ಭವನ, ಸಂಘ-ಸಂಸ್ಥೆಗಳ ಕೆಲಸಕ್ಕೆ. ನಿಮ್ಮ ಹಿಟ್ಟಿನ ಗಿರಣಿಗೆ ಅದರಲ್ಲಿ ದಾರಿಯಿಲ್ಲ. ನಮಗೆ ತೆರೆದಿರುವುದು ಕೇಂದ್ರ ಸರಕಾರದ ಯೋಜನೆಗಳು ಮತ್ತು ನಾವು ವಾಸವಿರುವ ರಾಜ್ಯದ ಯೋಜನೆಗಳು. ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ರೋಜಗಾರ ನಿರ್ಮಿತಿ ಯೋಜನೆ, ತಮಿಳುನಾಡಿನಲ್ಲಿ ಯುವೈಇಜಿಪಿ ಮತ್ತು ನೀಡ್ಸ್ ಇವೆ. ರಾಜ್ಯದ ಯೋಜನೆಗಳು ವಾಸದ ದಾಖಲೆ ಕೇಳುತ್ತವೆ, ಅಂಕಿಗಳೂ ಆಗಾಗ ಬದಲಾಗುತ್ತವೆ. ಹಾಗಾಗಿ ಇಲ್ಲಿ ಎಲ್ಲ ರಾಜ್ಯಗಳಲ್ಲೂ ಇರುವ ಎರಡು ಕೇಂದ್ರ ಯೋಜನೆಗಳನ್ನೇ ಹಿಡಿದು ಹೇಳುತ್ತೇವೆ.

ಮೊದಲನೆಯದು 2008ರಲ್ಲಿ ಶುರುವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ. ಇದು ಹೊಸ ಘಟಕಗಳಿಗೆ ಮಾತ್ರ. ತಯಾರಿಕೆಯಾದರೆ 50 ಲಕ್ಷ, ಸೇವೆಯಾದರೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಸಹಾಯಧನ ಲೆಕ್ಕ ಹಾಕುತ್ತಾರೆ. ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರು ಮೊದಲಾದ ವಿಶೇಷ ವರ್ಗಕ್ಕೆ ಪಟ್ಟಣದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35. ಸ್ವಂತ ಪಾಲು ಸಾಮಾನ್ಯ ವರ್ಗಕ್ಕೆ ಶೇ. 10, ವಿಶೇಷ ವರ್ಗಕ್ಕೆ ಶೇ. 5. ವಯಸ್ಸು 18 ಆಗಿದ್ದರೆ ಸಾಕು, ಆದಾಯ ಮಿತಿಯಿಲ್ಲ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೇ ಸಿಗುತ್ತದೆ. ಬೀಡಿ, ಪಾನ್, ಸಿಗರೇಟಿನ ಉದ್ದಿಮೆಗಳಿಗೆ ಇಲ್ಲ.

ಎರಡನೆಯದು ಪಿಎಂಎಫ್‌ಎಂಇ, 2020ರಲ್ಲಿ ಬಂದದ್ದು. ಹಪ್ಪಳ, ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಉಪ್ಪಿನಕಾಯಿ, ಎಣ್ಣೆ ಗಾಣ, ಹೀಗೆ ಆಹಾರ ಸಂಸ್ಕರಣೆಯ ಕಿರು ಘಟಕಗಳಿಗೆ. ಈಗಾಗಲೇ ನಡೆಯುತ್ತಿರುವ ಘಟಕಕ್ಕೂ ಸಿಗುತ್ತದೆ ಎಂಬುದೇ ಇದರ ದೊಡ್ಡ ಅನುಕೂಲ. ವರ್ಗ ಯಾವುದೇ ಇರಲಿ, ಊರು ಯಾವುದೇ ಇರಲಿ ಶೇ. 35, ಗರಿಷ್ಠ 10 ಲಕ್ಷ. ಸ್ವಂತ ಪಾಲು ಕನಿಷ್ಠ ಶೇ. 10. ಸೊಲ್ಲಾಪುರ ಪಟ್ಟಣದಲ್ಲಿ ಸಾಮಾನ್ಯ ವರ್ಗದ ಒಬ್ಬರು ಚಟ್ನಿಪುಡಿ ಮಾಡುವುದಾದರೆ ಪಿಎಂಇಜಿಪಿಯ ಶೇ. 15ಕ್ಕಿಂತ ಇದೇ ಲೇಸು. ಎರಡಕ್ಕೂ ಕೈ ಹಾಕಬೇಡಿ; ಬೇರೆ ಸರಕಾರಿ ಸಹಾಯಧನ ಪಡೆದ ಘಟಕಕ್ಕೆ ಪಿಎಂಇಜಿಪಿ ಕೊಡುವುದಿಲ್ಲ.

ಈ ಎರಡರ ಅಂಕಿಗಳೂ 2025-26ರವರೆಗಿನ ಅವಧಿಯವು. ಅರ್ಜಿ ಹಾಕುವ ದಿನ ಯೋಜನೆ ನಡೆಯುತ್ತಿದೆಯೇ, ದರ ಬದಲಾಗಿದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಜತ್ತ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಅಕ್ಕ 6 ಲಕ್ಷದ ರೊಟ್ಟಿ ಘಟಕಕ್ಕೆ ಪಿಎಂಇಜಿಪಿ ಅರ್ಜಿ ಹಾಕಿದರು ಎಂದುಕೊಳ್ಳಿ. ಅವರ ಪಾಲು 30 ಸಾವಿರ, ಬ್ಯಾಂಕಿನ ಸಾಲ 5 ಲಕ್ಷ 70 ಸಾವಿರ. ಸಹಾಯಧನ ಶೇ. 35, ಅಂದರೆ 2 ಲಕ್ಷ 10 ಸಾವಿರ. ಈ ಹಣ ಅವರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬ್ಯಾಂಕೂ ಬಡ್ಡಿ ಹಾಕುವಂತಿಲ್ಲ. ಮೂರು ವರ್ಷದ ನಂತರ ಘಟಕ ನಡೆಯುತ್ತಿರುವುದನ್ನು ಪರಿಶೀಲಿಸಿ ಸಾಲಕ್ಕೆ ಜಮೆ ಮಾಡುತ್ತಾರೆ. ನಡುವೆ ಬಾಗಿಲು ಮುಚ್ಚಿದರೆ ಆ ಹಣ ವಾಪಸು ಹೋಗುತ್ತದೆ, ಸಾಲ ಮಾತ್ರ ತಲೆಯ ಮೇಲೆ ಉಳಿಯುತ್ತದೆ. ಬಡ್ಡಿ ಹಾಕುತ್ತಿರುವುದು ಪೂರ್ತಿ ಸಾಲಕ್ಕೋ ಉಳಿದ 3 ಲಕ್ಷ 60 ಸಾವಿರಕ್ಕೋ ಎಂದು ಪಾಸ್‌ಬುಕ್ ಹಿಡಿದು ಕೇಳಬೇಕಾದವರು ನೀವೇ.

ಇನ್ನು ಗಡಿಯಲ್ಲಿರುವ ನಮ್ಮವರ ಅರ್ಜಿ ಸಿಕ್ಕಿಬೀಳುವ ಜಾಗಕ್ಕೆ ಬರೋಣ. ಅದು ಹೆಸರು. ಶಾಲೆಯ ದಾಖಲೆ ಕನ್ನಡದಲ್ಲಿ, ಆಧಾರ್ ಮರಾಠಿಯಲ್ಲೋ ತಮಿಳಿನಲ್ಲೋ, ಪ್ಯಾನ್ ಇಂಗ್ಲಿಷಿನಲ್ಲಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತಾಳವಾಡಿಯ ಗೌರಮ್ಮ ಯಾವುದೋ ಒಂದು ಕಾಗದದಲ್ಲಿ ಕೌರಮ್ಮ ಆಗಿರುತ್ತಾರೆ. ಮಹಾರಾಷ್ಟ್ರದಲ್ಲಿ ಗಂಡನ ಹೆಸರು ನಡುವೆ ಸೇರುತ್ತದೆ, ಆಂಧ್ರ ತೆಲಂಗಾಣದಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಓದಿದರೆ ನಮಗೆ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು ಮನುಷ್ಯರು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಈ ಮೂರರಲ್ಲಿ ಇಂಗ್ಲಿಷ್ ಕಾಗುಣಿತ ಒಂದೇ ಆಗುವ ತನಕ ಅರ್ಜಿ ಹಾಕಬೇಡಿ ಎಂದೇ ನಮ್ಮ ಸಲಹೆ. ನಮ್ಮ ಸದಸ್ಯರೊಬ್ಬರ ಅರ್ಜಿ ಒಂದೇ ಒಂದು 'ಎಚ್' ಅಕ್ಷರಕ್ಕಾಗಿ ಎರಡು ಸಲ ಹಿಂದೆ ಬಂದದ್ದನ್ನು ಕಂಡಿದ್ದೇವೆ.

ಎರಡನೆಯದು ಜಾತಿ ಪ್ರಮಾಣಪತ್ರ. ಇಂಡಿಯಿಂದಲೋ ಚಾಮರಾಜನಗರದಿಂದಲೋ ಮದುವೆಯಾಗಿ ಈಚೆ ಬಂದ ಹೆಣ್ಣುಮಕ್ಕಳು ತವರಿನ ಪ್ರಮಾಣಪತ್ರ ಹಿಡಿದು ತಿಂಗಳುಗಟ್ಟಲೆ ಅಲೆಯುತ್ತಾರೆ. ಜಾತಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಪಿಎಂಇಜಿಪಿಯಲ್ಲಿ ಮಹಿಳೆ ಎಂಬುದೇ ವಿಶೇಷ ವರ್ಗ, ಶೇ. 35 ಎಂದರೆ ಎಲ್ಲರಿಗೂ ಅದೇ ಶೇ. 35. ಆ ಅಲೆದಾಟವೇ ಬೇಡ. ಅರ್ಜಿಯಲ್ಲಿ ಮಹಿಳೆ ಎಂದು ಗುರುತು ಹಾಕಿದರಾಯಿತು.

ಯೋಜನಾ ವರದಿಯನ್ನು ಬೇರೆಯವರ ಕೈಯಿಂದ ಬರೆಸಿದರೂ ಒಳಗಿನ ಅಂಕಿಗಳು ನಿಮ್ಮ ಬಾಯಲ್ಲಿರಬೇಕು. ಬ್ಯಾಂಕಿನವರು ಕೇಳುವುದು ಸರಳ ಪ್ರಶ್ನೆಗಳನ್ನೇ: ಕಿಲೋ ಜೋಳಕ್ಕೆ ಎಷ್ಟು ರೊಟ್ಟಿ, ಯಾರು ಕೊಳ್ಳುತ್ತಾರೆ, ಮಳೆಗಾಲದಲ್ಲಿ ಏನು ಮಾಡುತ್ತೀರಿ. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಯಂತ್ರಕ್ಕೆ ಕೊಟೇಶನ್ ತನ್ನಿ, ಸಾಲ ಮಂಜೂರಾಗುವ ಮೊದಲು ಯಂತ್ರ ಕೊಳ್ಳಬೇಡಿ. ದುಡಿಯುವ ಬಂಡವಾಳವನ್ನು ಬೇಕಾದ್ದಕ್ಕಿಂತ ಹೆಚ್ಚು ತೋರಿಸಿ ವೆಚ್ಚ ಉಬ್ಬಿಸಿದರೆ ತೊಂದರೆ ನಿಮಗೇ. ಅದನ್ನು ಬಳಸದೆ ಬಿಟ್ಟರೆ ಆ ಪಾಲಿನ ಸಹಾಯಧನ ಕಡಿತವಾಗುತ್ತದೆ. 10 ಲಕ್ಷದವರೆಗಿನ ಸಾಲಕ್ಕೆ ಹೊಲ ಮನೆ ಅಡವಿಡಿ ಎಂದು ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. 2 ಲಕ್ಷ ದಾಟಿದ ಯೋಜನೆಗೆ ತರಬೇತಿ ಕಡ್ಡಾಯ: 5 ಲಕ್ಷದವರೆಗೆ ಐದು ದಿನ, ಮೇಲಾದರೆ ಹತ್ತು ದಿನ.

ಅರ್ಜಿಗೂ ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ. ಪಿಎಂಎಫ್‌ಎಂಇಯಲ್ಲಿ ಅರ್ಜಿ ತುಂಬಿಸಿ ಬ್ಯಾಂಕಿನವರೆಗೆ ಜೊತೆ ಬರಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರಿಗೆ ಸಂಭಾವನೆ ಇಲಾಖೆಯೇ ಕೊಡುತ್ತದೆ. "ಮಂಜೂರು ಮಾಡಿಸಿಕೊಡುತ್ತೇನೆ, ಶೇ. 10 ಮುಂಗಡ ಕೊಡಿ" ಎನ್ನುವವರನ್ನು ಬಾಗಿಲಿಂದಲೇ ಕಳಿಸಿ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಅಹವಾಲನ್ನು ಕನ್ನಡದಲ್ಲೇ ಬರೆಯಬಹುದು. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಬೇಗ ಉತ್ತರ ಬರಲೆಂದು ಇಂಗ್ಲಿಷ್ ಅಥವಾ ಆಯಾ ರಾಜ್ಯ ಭಾಷೆಯ ಪ್ರತಿಯನ್ನೂ ಜೊತೆಗಿಡಿ. ಬರೆಯಲು ನೆರವು ಬೇಕಾದವರು ಆಧಾರ್, ಪ್ಯಾನ್, ಪಾಸ್‌ಬುಕ್ ಮತ್ತು ತಿರಸ್ಕಾರದ ಪತ್ರ, ಈ ನಾಲ್ಕನ್ನು ಹಿಡಿದು ಸಂಘದ ಕಚೇರಿಗೆ ಬನ್ನಿ.