ಬಿಟ್ಟವರು ಮತ್ತು ಬಿಡಲ್ಪಟ್ಟವರು: ಗುಂಡರ್ಟ್ ಕುಟುಂಬದ ಮೂರು ತಲೆಮಾರುಗಳು

ಧರ್ಮಪ್ರಚಾರದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ವ್ಯಕ್ತಿಗಳ ಮತ್ತು ಅವರ ಕೃತಿಗಳ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಮೊಗ್ಲಿಂಗ್ ಎಂದೊಡನೆ 1843ರ ‘ಮಂಗಳೂರು ಸಮಾಚಾರ’ ನೆನಪಾಗುತ್ತದೆ. ಕಿಟೆಲ್ ಎಂದೊಡನೆ 1894ರ ಕನ್ನಡ ನಿಘಂಟು. ಗುಂಡರ್ಟ್ ಎಂದೊಡನೆ 1872ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಮಲಯಾಳಂ–ಇಂಗ್ಲಿಷ್ ನಿಘಂಟು. ಈ ಮಹನೀಯರಿಗೆ ಮಡದಿ ಮಕ್ಕಳಿದ್ದರೆಂಬ ಸಂಗತಿ ಹೆಚ್ಚೆಂದರೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆದರೆ ಬಾಸೆಲ್ ಮಿಶನ್ನಿನ ಸೇವೆಯು ಕುಟುಂಬಗಳ ಮೂಲಕ ನಡೆದ ಸೇವೆ. ಅದರ ಬೆಲೆಯನ್ನು ತೆತ್ತವರಲ್ಲಿ ಕರೆಗೆ ಓಗೊಟ್ಟವರೂ ಇದ್ದರು, ಕರೆಯನ್ನು ಕೇಳಿಯೇ ಇರದ ಎಳೆಯರೂ ಇದ್ದರು. ಹರ್ಮನ್ ಗುಂಡರ್ಟರ ಕುಟುಂಬವನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡನೆಯವರ ಕುರಿತು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

1814ರಲ್ಲಿ ಷ್ಟುಟ್‌ಗಾರ್ಟಿನಲ್ಲಿ ಜನಿಸಿದ ಗುಂಡರ್ಟರು 1836ರಲ್ಲಿ ಆಂತೋನಿ ನಾರಿಸ್ ಗ್ರೋವ್ಸ್ ಅವರ ತಂಡದೊಡನೆ ಭಾರತಕ್ಕೆ ಬಂದರು. ಅದೇ ತಂಡದಲ್ಲಿ ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕಳಾದ ಜೂಲಿ ದುಬ್ವಾ ಇದ್ದರು. 1838ರಲ್ಲಿ ಇವರಿಬ್ಬರ ವಿವಾಹವಾಯಿತು. ಅದೇ ವರ್ಷ ಇಬ್ಬರೂ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನನ್ನು ಸೇರಿದರು. ಮರುವರ್ಷ ತಲಶ್ಶೇರಿಯ ಬಳಿಯ ನೆಟ್ಟೂರು ಅವರ ಕಾರ್ಯಕ್ಷೇತ್ರವಾಯಿತು. ಪತಿಯ ವ್ಯಾಕರಣ ಮತ್ತು ನಿಘಂಟಿನ ಹೆಸರು ಉಳಿದಿದೆ. ಅದೇ ಆವರಣದಲ್ಲಿ ಜೂಲಿಯವರು ನಡೆಸಿದ ಹೆಣ್ಣುಮಕ್ಕಳ ಶಾಲೆಯ ನೆನಪು ಮಾಸಿದೆ. ಆದರೆ ಹೆಣ್ಣುಮಕ್ಕಳ ಶಿಕ್ಷಣವು ಗಂಡಸರಿಂದ ಸಾಧ್ಯವಿಲ್ಲದಿದ್ದ ಆ ಕಾಲದಲ್ಲಿ ಇಂತಹ ಪತ್ನಿಯರಿಲ್ಲದೆ ಮಿಶನ್ನಿನ ಅರ್ಧ ಕೆಲಸವೇ ನಡೆಯುತ್ತಿರಲಿಲ್ಲ.

ಈ ದಂಪತಿಗಳ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. 1840ರ ದಶಕದ ನಡುವಿನಲ್ಲಿ ಯೂರೋಪಿಗೆ ಹೋಗಿದ್ದ ಗುಂಡರ್ಟ್ ದಂಪತಿಗಳು ಭಾರತಕ್ಕೆ ಮರಳಿದಾಗ ನಾಲ್ಕು ವರ್ಷದ ಆಸುಪಾಸಿನಲ್ಲಿದ್ದ ಈ ಮಗು ಅಲ್ಲಿಯೇ ಉಳಿಯಿತು. ತಂದೆತಾಯಿಗಳನ್ನು ಅವಳು ಮತ್ತೆ ಸೇರಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ನಡುವಣ ದಶಕದಲ್ಲಿ ಅವರನ್ನು ಬೆಸೆದಿದ್ದು, ತಲುಪಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪತ್ರಗಳು ಮಾತ್ರ. ಭಾರತಕ್ಕೆ ಬರುವ ಹಡಗಿನಲ್ಲಿ ಒಬ್ಬ ಆಂಗ್ಲ ಯುವಕನಿಗೂ ಅವಳಿಗೂ ಅನುರಾಗ ಮೂಡಿತು. ತಂದೆ ಆ ಸಂಬಂಧಕ್ಕೆ ಒಪ್ಪಲಿಲ್ಲ. ತಾನು ಹೆಚ್ಚುಕಡಿಮೆ ಅರಿಯದ ತಂದೆಯ ಮಾತಿಗೆ ಮಣಿಯುವುದೇ ಅವಳ ಮೊದಲ ವಿಧೇಯತೆಯಾಯಿತು.

ಇದು ಒಂದೇ ಮನೆಯ ವಿಶೇಷವಲ್ಲ. ಕರಾವಳಿಯ ಜ್ವರ, ಆಮಶಂಕೆಗಳಿಗೆ ಅನೇಕ ಶಿಶುಗಳು ಬಲಿಯಾಗುತ್ತಿದ್ದವು. ಯೂರೋಪಿಯನ್ ಶಿಕ್ಷಣಕ್ಕೆ ಇಲ್ಲಿ ಅನುಕೂಲವಿರಲಿಲ್ಲ. ಮಕ್ಕಳು ಸುತ್ತಲಿನ ಮಾತು, ರೂಢಿಗಳಲ್ಲಿ ಬೆಳೆದು ಪರಕೀಯರಾದಾರೆಂಬ ಅಂಜಿಕೆಯೂ ಇತ್ತು. 1853ರಲ್ಲಿ, ಯೋಸೆನ್‌ಹಾನ್ಸರು ಮಿಶನ್ನಿನ ಮುಖ್ಯಸ್ಥರಾಗಿದ್ದಾಗ, ಬಾಸೆಲಿನಲ್ಲಿ ಮಿಶನರಿಗಳ ಮಕ್ಕಳಿಗಾಗಿ ನಿಲಯವು ಸ್ಥಾಪಿತವಾಯಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ವಾಡಿಕೆಯಾಯಿತು. ವಿವಾಹವೂ ಮಿಶನ್ನಿನ ಸಮಿತಿಯ ಅಪ್ಪಣೆಗೆ ಒಳಪಟ್ಟಿತ್ತು. ಕಿಟೆಲ್ಲರನ್ನು 1860ರಲ್ಲಿ ವರಿಸಿದ ಪೌಲೀನ ಐಟ್ 1864ರಲ್ಲಿ ತೀರಿಕೊಂಡರು. ಅನಂತರ ಕಿಟೆಲ್ಲರು ಆಕೆಯ ಸೋದರಿ ಜೂಲಿಯನ್ನು ವಿವಾಹವಾದರು. ನಿಘಂಟಿನ ಪುಟಗಳ ಹಿಂದೆ ಇಂತಹ ಗೋರಿಗಳೂ ಇವೆ.

ಅಗಲಿಕೆಯ ಭಾರವನ್ನು ಯೂರೋಪಿಯನ್ನರು ಮಾತ್ರ ಹೊತ್ತರೆಂದು ಭಾವಿಸಬಾರದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದರು. ಮೊಗ್ಲಿಂಗರೊಡನೆ ಬಾಸೆಲಿಗೆ ಹೋಗಿ 1851ರಲ್ಲಿ ಬೋಧಕದೀಕ್ಷೆ ಪಡೆದು ಹಿಂದಿರುಗಿದರು. ಬಾಲ್ಯದ ಪತ್ನಿ ಅವರೊಡನೆ ಬರಲಿಲ್ಲ. 1860ರಲ್ಲಿ ಅವರು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವರಿಸಿದರು. ಗುಂಡರ್ಟರ ಮನೆ ಸಾಗರದ ಎರಡು ದಡಗಳಿಗೆ ಹಂಚಿಹೋದರೆ, ಕೌಂಡಿನ್ಯರ ಮನೆ ಒಂದೇ ಊರಿನಲ್ಲಿ ಎರಡಾಯಿತು.

ಗುಂಡರ್ಟರು ಅನಾರೋಗ್ಯದ ನಿಮಿತ್ತ 1859ರಲ್ಲಿ ಸ್ವದೇಶಕ್ಕೆ ಮರಳಿ, ಬಳಿಕ ಕಾಲ್ವ್ ಪಟ್ಟಣದ ಪ್ರಕಾಶನ ಸಂಸ್ಥೆಯ ಹೊಣೆಯನ್ನು ಹೊತ್ತರು. ಅವರ ನಿಘಂಟು ಪೂರ್ಣಗೊಂಡದ್ದು ಅಲ್ಲಿಯೇ. ಮರೀ 1865ರಲ್ಲಿ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಮಿಶನರಿಯನ್ನು ವರಿಸಿ ಸಿಂಧ್ ಪ್ರಾಂತಕ್ಕೆ ತೆರಳಿದಳು. 1870ರಲ್ಲಿ ಪತಿ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳೊಡನೆ ತಂದೆಯ ಆಶ್ರಯದಲ್ಲಿ ನಿಂತಳು. ಮಂಗಳೂರಿನಲ್ಲಿ ಸೇವೆ ಸಲ್ಲಿಸಿ ಕಾಯಿಲೆಯಿಂದ 1873ರಲ್ಲಿ ಹಿಂದಿರುಗಿದ ಯೊಹಾನೆಸ್ ಹೆಸ್ಸೆ ಗುಂಡರ್ಟರ ಸಹಾಯಕನಾಗಿ ಅದೇ ಮನೆಗೆ ಬಂದರು. 1874ರಲ್ಲಿ ಮರೀ ಅವರ ಪತ್ನಿಯಾದಳು. 1877ರಲ್ಲಿ ಅವರ ಮಗನಾಗಿ ಜನಿಸಿದವನೇ ಮುಂದೆ ‘ಸಿದ್ಧಾರ್ಥ’ವನ್ನು ಬರೆದ ಹರ್ಮನ್ ಹೆಸ್ಸೆ. 1880ರ ದಶಕದಲ್ಲಿ ಕುಟುಂಬ ಬಾಸೆಲಿನಲ್ಲಿದ್ದಾಗ ಈ ಬಾಲಕನೂ ಕೆಲಕಾಲ ಮಿಶನ್ನಿನ ಬಾಲಕರ ನಿಲಯದಲ್ಲಿದ್ದ. ಆಗ ನಡುವೆ ಸಾಗರವಿರಲಿಲ್ಲ. ತಂದೆತಾಯಿ ಅದೇ ನಗರದಲ್ಲಿದ್ದರು. ಅನಿವಾರ್ಯತೆಯಿಂದ ಹುಟ್ಟಿದ ವ್ಯವಸ್ಥೆಯು ಅನಿವಾರ್ಯತೆ ಕಳೆದ ಮೇಲೂ ಅಭ್ಯಾಸವಾಗಿ ಮುಂದುವರಿಯುವುದನ್ನು ಇಲ್ಲಿ ಗಮನಿಸಬೇಕು. 1892ರಲ್ಲಿ ಹರ್ಮನ್ ಮೌಲ್‌ಬ್ರೋನ್ ಗುರುಮಠದಿಂದ ಓಡಿಹೋದ. ಆದರೆ ಅಜ್ಜನ ಮನೆಯ ಭಾರತ ಅವನನ್ನು ಬಿಡಲಿಲ್ಲ.

ಇಲ್ಲಿ ದೈವಶಾಸ್ತ್ರದ ಪ್ರಶ್ನೆಯೊಂದು ಎದುರಾಗುತ್ತದೆ. ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ, ತನ್ನ ನಿಮಿತ್ತ ಮನೆಮಕ್ಕಳನ್ನು ತೊರೆದವರಿಗೆ ಪ್ರಭುವು ನೂರ್ಮಡಿಯ ವಾಗ್ದಾನ ಮಾಡುತ್ತಾನೆ. ಗುಂಡರ್ಟ್ ದಂಪತಿಗಳು ಆ ವಾಗ್ದಾನವನ್ನು ನಂಬಿ ನಡೆದವರು. ಅವರ ಶ್ರದ್ಧೆಯನ್ನು ಸಂಶಯಿಸಲು ನಮಗೆ ಕಾರಣವಿಲ್ಲ. ಆದರೆ ವಾಗ್ದಾನವು ತೊರೆದವರನ್ನು ಕುರಿತದ್ದು. ತೊರೆಯಲ್ಪಟ್ಟ ಮಗು ತಾನಾಗಿ ಏನನ್ನೂ ಅರ್ಪಿಸಿರಲಿಲ್ಲ. ಸ್ವಂತ ಕುಟುಂಬದವರನ್ನು ಸಂರಕ್ಷಿಸದವನನ್ನು ಕುರಿತು ತಿಮೊಥೇಯನಿಗೆ ಬರೆದ ಮೊದಲ ಪತ್ರವು ಆಡುವ ಕಠಿಣ ನುಡಿಯೂ ಅದೇ ಧರ್ಮಗ್ರಂಥದ್ದೇ. ಒಂದನ್ನು ಹಿಡಿದು ಇನ್ನೊಂದನ್ನು ಮರೆಯುವುದು ವ್ಯಾಖ್ಯಾನವಲ್ಲ. ತ್ಯಾಗವು ಪುಣ್ಯವಾಗುವುದು ಅದು ಸ್ವಂತದ್ದಾಗಿರುವಾಗ. ಇನ್ನೊಬ್ಬರ ಪಾಲಿನ ತ್ಯಾಗವನ್ನು ನಾವು ನಿರ್ಧರಿಸುವಲ್ಲಿ ಅದು ನ್ಯಾಯದ ವಿಷಯವಾಗುತ್ತದೆ.

ವಿರಕ್ತ ಯಾಜಕರಾದ ನಮಗೆ ಈ ಪ್ರಶ್ನೆ ಸಂಬಂಧಿಸಿದ್ದಲ್ಲವೆಂದು ತೋರಬಹುದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಪೌಲನು ಅವಿಭಕ್ತ ಚಿತ್ತದ ಸೇವೆಯನ್ನು ಹೊಗಳಲು ಈ ಸಂಕಟವೂ ಒಂದು ಕಾರಣವೇ ಸರಿ. ಆದರೆ ಅದೇ ಪತ್ರದ ಒಂಬತ್ತನೆಯ ಅಧ್ಯಾಯವು ಪತ್ನಿಸಮೇತ ಸಂಚರಿಸಿದ ಪ್ರೇಷಿತರನ್ನೂ ಸ್ಮರಿಸುತ್ತದೆ. ಇದಲ್ಲದೆ ನಮಗೂ ಬಿಡಲ್ಪಟ್ಟವರಿದ್ದಾರೆ. ದೂರದ ಕ್ಷೇತ್ರಗಳಿಗೆ ಹೋದ ಯಾಜಕರ ಮತ್ತು ಕನ್ಯಾಸ್ತ್ರೀಯರ ವೃದ್ಧ ತಂದೆತಾಯಿಗಳು ಊರಿನ ಮನೆಗಳಲ್ಲಿ ಒಂಟಿಯಾಗಿದ್ದಾರೆ. ದೀಕ್ಷೆಯ ದಿನ ಅವರನ್ನು ಸನ್ಮಾನಿಸುತ್ತೇವೆ. ಹಾಸಿಗೆ ಹಿಡಿದ ದಿನ ಅವರ ಹೊಣೆ ಯಾರದೆಂಬುದನ್ನು ನಮ್ಮ ನಿಯಮಾವಳಿಗಳು ಎಷ್ಟು ಸ್ಪಷ್ಟವಾಗಿ ಹೇಳುತ್ತವೆ? ಸಭೆಯು ಒಬ್ಬನನ್ನು ಕಳುಹಿಸುವಾಗ ಅವನ ಹಿಂದೆ ಉಳಿದವರನ್ನೂ ಸ್ವೀಕರಿಸುವ ಹೊಣೆಯನ್ನು ಹೊರಬೇಕಾಗುತ್ತದೆ. ಆ ನೂರ್ಮಡಿಯ ಮನೆ, ತಾಯಿ, ಸೋದರರು ಇಹದಲ್ಲಿಯೇ ದೊರೆಯುವರೆಂದು ಪ್ರಭುವು ಹೇಳಿರುವುದರಿಂದ ಆ ಮನೆಯಾಗಬೇಕಾದದ್ದು ಸಭೆಯೇ.

ಆದ್ದರಿಂದ ಗುರುಮಠಗಳಲ್ಲಿ ಸಭೆಯ ಚರಿತ್ರೆಯನ್ನು ಬೋಧಿಸುವಾಗ ನಿಘಂಟುಗಳ ಜೊತೆಗೆ ಬಾಸೆಲಿನ ಮಕ್ಕಳ ನಿಲಯವನ್ನೂ ಬೋಧಿಸುವುದು ಉಚಿತ. ಗುಂಡರ್ಟರ ಕೀರ್ತಿ ಅದರಿಂದ ಕುಂದದು. ಆ ನಿಘಂಟಿಗೆ ಯಾರು ಯಾರು ಬೆಲೆ ತೆತ್ತರೆಂಬುದು ಮಾತ್ರ ತಿಳಿಯುತ್ತದೆ.